ಎಂಬಿಎಗೆ ಎಲ್ಲೆಲ್ಲಿ ಅರ್ಜಿ ಹಾಕೋದು? ರ‍್ಯಾಂಕಿಂಗ್, ಕನ್ಸಲ್ಟೆಂಟ್, ಫೇರ್ ಎಲ್ಲದರ ರಿವ್ಯೂ

ವಿದೇಶದಲ್ಲಿ ಎಂಬಿಎ ಮಾಡೋಣ ಅಂತ ಮನಸ್ಸು ಮಾಡುವುದು ಒಂದು ಸಂಜೆಯ ಕೆಲಸ. ಯಾವ ಬಿ-ಸ್ಕೂಲ್‌ಗಳಿಗೆ ಅರ್ಜಿ ಹಾಕುವುದು ಅನ್ನುವ ಪ್ರಶ್ನೆ ಮಾತ್ರ ತಿಂಗಳುಗಟ್ಟಲೆ ತಲೆ ತಿನ್ನುತ್ತದೆ. ಅದಕ್ಕೆ ಉತ್ತರ ಕೊಡುತ್ತೇವೆ ಅಂತ ನಿಂತಿರುವವರಿಗೇನು ಕಡಿಮೆಯಿಲ್ಲ. ಪತ್ರಿಕೆಗಳ ರ‍್ಯಾಂಕಿಂಗ್ ಇದೆ, ಅಡ್ಮಿಷನ್ ಕನ್ಸಲ್ಟೆಂಟ್‌ಗಳಿದ್ದಾರೆ, ಎಂಬಿಎ ಫೇರ್ (ಸ್ಕೂಲಿನವರೇ ಬಂದು ಕೂರುವ ಮೇಳ) ಇದೆ, ವೆಬಿನಾರ್ ಇದೆ, ಹಳೇ ವಿದ್ಯಾರ್ಥಿಗಳ ಉಪದೇಶ ಬೇರೆ. ನಾನು ಹೆಚ್ಚುಕಮ್ಮಿ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಯಾವುದು ಕೆಲಸಕ್ಕೆ ಬಂತು, ಯಾವುದು ಸುಮ್ನೆ ಟೈಮ್ ತಿಂದಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಓದುವಷ್ಟು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಬಿಟ್ಟಿಯಾಗಿ ಸಿಗುವ ಒಂದು ಪಿಡಿಎಫ್. ಪ್ರತಿ ಸ್ಕೂಲಿನ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಇರುವ, ಓದು ಮುಗಿಸಿದವರಿಗೆ ಎಲ್ಲಿ, ಎಷ್ಟು ಸಂಬಳದ ಕೆಲಸ ಸಿಕ್ಕಿತು ಅಂತ ಹೇಳುವ ಎಂಪ್ಲಾಯ್‌ಮೆಂಟ್ ರಿಪೋರ್ಟ್.

ಆದರೆ ಎಲ್ಲರೂ ಶುರು ಮಾಡುವುದು ರ‍್ಯಾಂಕಿಂಗ್‌ನಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಫೈನಾನ್ಷಿಯಲ್ ಟೈಮ್ಸ್‌ನವರು 1999ರಿಂದ ಜಾಗತಿಕ ಎಂಬಿಎ ಪಟ್ಟಿ ಹೊರಡಿಸುತ್ತಿದ್ದಾರೆ. ಓದು ಮುಗಿಸಿ ಮೂರು ವರ್ಷ ಆದವರನ್ನು ಹಿಡಿದು ಈಗ ಸಂಬಳ ಎಷ್ಟು, ಎಂಬಿಎಗೆ ಮುಂಚೆ ಎಷ್ಟಿತ್ತು ಅಂತ ಕೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಸಂಬಳಕ್ಕೆ 16%, ಸಂಬಳ ಎಷ್ಟು ಏರಿತು ಅನ್ನುವುದಕ್ಕೆ ಇನ್ನೊಂದು 16% ತೂಕ. ಅಂದರೆ ಪಟ್ಟಿಯ ಮೂರನೇ ಒಂದು ಪಾಲು ಬರೀ ಸಂಬಳದ ಮೇಲೆ ನಿಂತಿದೆ. ಇದರಲ್ಲಿ ತಪ್ಪೇನಿಲ್ಲ, ದುಡ್ಡು ಮುಖ್ಯವೇ. ಆದರೆ ಈ ಸಂಬಳ ಬ್ಯಾಂಕ್ ಖಾತೆಗೆ ಬೀಳುವ ಸಂಬಳವಲ್ಲ. ಆಯಾ ದೇಶದಲ್ಲಿ ಆ ದುಡ್ಡಿಗೆ ಎಷ್ಟು ಸಾಮಾನು ಬರುತ್ತದೆ ಅನ್ನುವ ಲೆಕ್ಕ ಹಾಕಿ ಅದನ್ನು ಹೊಂದಿಸಿರುತ್ತಾರೆ. ಜೀವನ ವೆಚ್ಚ ಕಡಿಮೆ ಇರುವ ದೇಶದಲ್ಲಿ ಕೆಲಸ ಮಾಡುವವನ ಸಂಬಳ ಪಟ್ಟಿಯಲ್ಲಿ ಉಬ್ಬಿ ಕಾಣುತ್ತದೆ. ಅದನ್ನು ನೋಡಿಕೊಂಡು, ಇಷ್ಟು ಡಾಲರ್ ಬರುತ್ತದೆ ಅಂತ ಸಾಲದ ಕಂತಿನ ಲೆಕ್ಕ ಹಾಕಿದರೆ ಕಥೆ ಮುಗಿಯಿತು. ಸಂಬಳ ಏರಿಕೆಯ ಅಂಕಿಯೂ ಅಷ್ಟೇ. ಮೊದಲೇ ಕಡಿಮೆ ಸಂಬಳ ಇದ್ದವರನ್ನು ಜಾಸ್ತಿ ಸೇರಿಸಿಕೊಂಡ ಸ್ಕೂಲಿಗೆ ಅಲ್ಲಿ ಅನುಕೂಲ. ಮುಂಚೆಯೇ ಒಳ್ಳೆ ಸಂಬಳ ತಗೊಳ್ಳುತ್ತಿದ್ದವರು ಆ ಕಾಲಂ ನೋಡಿ ಬಾಯಿ ಚಪ್ಪರಿಸುವುದು ಬೇಡ.

ಇನ್ನೊಂದು ತಮಾಷೆ ಕೇಳಿ. 2022ರಲ್ಲಿ ಅಮೆರಿಕದ ವಾರ್ಟನ್ ಸ್ಕೂಲ್ ಈ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. 2023ರಲ್ಲಿ ಪಟ್ಟಿಯಲ್ಲೇ ಇಲ್ಲ! 2024ರಲ್ಲಿ ಮತ್ತೆ ಮೊದಲ ಸ್ಥಾನ. ನಡುವಿನ ವರ್ಷ ಕಟ್ಟಡ ಬಿದ್ದುಹೋಗಿತ್ತಾ, ಪ್ರೊಫೆಸರ್‌ಗಳು ಓಡಿಹೋಗಿದ್ದರಾ? ಅದೇನೂ ಇಲ್ಲ. ಸಮೀಕ್ಷೆಗೆ ಉತ್ತರ ಕೊಟ್ಟ ಹಳೇ ವಿದ್ಯಾರ್ಥಿಗಳ ಸಂಖ್ಯೆ ಪತ್ರಿಕೆ ಇಟ್ಟಿದ್ದ ಮಿತಿಗಿಂತ ಕಡಿಮೆಯಾಯಿತು, ಅಷ್ಟೇ. ಆ ವರ್ಷ ಬರೀ ಈ ಪಟ್ಟಿ ನೋಡಿಕೊಂಡು ಅರ್ಜಿ ಹಾಕಿದವನ ಕಣ್ಣಿಗೆ ವಾರ್ಟನ್ ಬಿದ್ದೇ ಇರುವುದಿಲ್ಲ.

ಯುಎಸ್ ನ್ಯೂಸ್‌ನವರು ಅಮೆರಿಕದ ಸ್ಕೂಲ್‌ಗಳನ್ನು ಮಾತ್ರ ನೋಡುತ್ತಾರೆ. ಅವರದರಲ್ಲಿ ಈಗ ಅರ್ಧ ತೂಕ ಕೆಲಸ ಮತ್ತು ಸಂಬಳಕ್ಕೆ. ಉಳಿದದ್ದರಲ್ಲಿ ಒಂದು ಪಾಲು ಬೇರೆ ಸ್ಕೂಲಿನ ಡೀನ್‌ಗಳು ಈ ಸ್ಕೂಲಿನ ಬಗ್ಗೆ ಏನು ಅಂದುಕೊಂಡಿದ್ದಾರೆ ಅನ್ನುವುದಕ್ಕೆ. ಒಬ್ಬರ ಬಗ್ಗೆ ಒಬ್ಬರು ಹೇಳುವ ಮಾತು, ವರ್ಷದಿಂದ ವರ್ಷಕ್ಕೆ ಅದೇನು ಬದಲಾಗುತ್ತದೆ ಹೇಳಿ. ಬ್ಲೂಮ್‌ಬರ್ಗ್‌ನವರು ಅಮೆರಿಕ, ಯುರೋಪ್, ಏಷ್ಯಾ ಅಂತ ಬೇರೆಬೇರೆ ಪಟ್ಟಿ ಮಾಡುತ್ತಾರೆ. ಹಾಗಾಗಿ ಫ್ರಾನ್ಸಿನ ಇನ್ಸಿಯಾಡ್ ಮತ್ತು ಅಮೆರಿಕದ ಹಾರ್ವರ್ಡ್ ಅಲ್ಲಿ ಅಕ್ಕಪಕ್ಕ ಬರುವುದೇ ಇಲ್ಲ. ಒಂದೇ ಸ್ಕೂಲು ಒಂದು ಪಟ್ಟಿಯಲ್ಲಿ ಮೇಲಿದ್ದು ಇನ್ನೊಂದರಲ್ಲಿ ಕೆಳಗಿದ್ದರೆ ಗಾಬರಿ ಬೇಡ. ಎರಡೂ ಕಡೆ ಅಳೆದದ್ದೇ ಬೇರೆ.

ಅಂಕಿ ಕೊಡುವವರು ಸ್ಕೂಲ್‌ನವರೇ ಅನ್ನುವುದನ್ನೂ ಮರೆಯಬಾರದು. ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಸ್ಕೂಲಿನ ಆನ್‌ಲೈನ್ ಎಂಬಿಎ ಸತತ ನಾಲ್ಕು ವರ್ಷ ಯುಎಸ್ ನ್ಯೂಸ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು. 2018ರಲ್ಲಿ ಗುಟ್ಟು ರಟ್ಟಾಯಿತು. ಸೇರಿದವರೆಲ್ಲರ ಜಿಮ್ಯಾಟ್ (ಎಂಬಿಎ ಪ್ರವೇಶ ಪರೀಕ್ಷೆ) ಅಂಕ ನಮ್ಮ ಹತ್ತಿರ ಇದೆ ಅಂತ ಕೊಟ್ಟಿದ್ದರು, ನಿಜಕ್ಕೂ ಇದ್ದದ್ದು ಐದರಲ್ಲಿ ಒಬ್ಬರದ್ದು. ಆಗಿನ ಡೀನ್ ಮೇಲೆ ವಂಚನೆ ಕೇಸ್ ನಡೆದು 2022ರಲ್ಲಿ 14 ತಿಂಗಳ ಜೈಲು ಶಿಕ್ಷೆ ಆಯಿತು. ಎಲ್ಲರೂ ಹೀಗೆ ಅಂತ ಹೇಳುತ್ತಿಲ್ಲ. ಆದರೆ ರ‍್ಯಾಂಕಿಗಾಗಿ ಜೈಲಿಗೆ ಹೋಗುವಷ್ಟು ದೂರ ಹೋದವರೂ ಇದ್ದಾರೆ.

ಹಾಗಾದರೆ ರ‍್ಯಾಂಕಿಂಗ್ ನೋಡಲೇಬಾರದಾ? ನೋಡಿ, ಗುಂಪು ಮಾಡಿಕೊಳ್ಳುವುದಕ್ಕೆ ಮಾತ್ರ. 8ಕ್ಕೂ 11ಕ್ಕೂ ಏನೂ ವ್ಯತ್ಯಾಸವಿಲ್ಲ. 8ಕ್ಕೂ 60ಕ್ಕೂ ಇದೆ. ಫೈನಾನ್ಷಿಯಲ್ ಟೈಮ್ಸ್‌ನವರು ಮೂರು ವರ್ಷದ ಸರಾಸರಿ ಸ್ಥಾನವನ್ನೂ ಒಂದು ಕಾಲಂನಲ್ಲಿ ಕೊಡುತ್ತಾರೆ, ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ನೋಡಬೇಕಾದ ಕಾಲಂ ಅದೊಂದೇ. ಒಟ್ಟಾರೆ ರ‍್ಯಾಂಕಿಂಗ್‌ಗೆ ನಾನು ಕೊಡುವುದು ಐದರಲ್ಲಿ ಎರಡು ಸ್ಟಾರ್.

ಈಗ ಕನ್ಸಲ್ಟೆಂಟ್‌ಗಳ ವಿಷಯ. ನಾನು ದುಡ್ಡು ಕೊಟ್ಟ ಸಂಸ್ಥೆಯ ಹೆಸರು ಹೇಳುವುದಿಲ್ಲ. ಮೊದಲ ಕಾಲ್‌ನಲ್ಲಿ ನನ್ನ ಜಿಮ್ಯಾಟ್ ಅಂಕ, ಡಿಗ್ರಿಯ ಮಾರ್ಕ್ಸ್, ಎಷ್ಟು ವರ್ಷ ಕೆಲಸ ಅಂತ ಕೇಳಿದರು. ಮರುದಿನ ಒಂದು ಎಕ್ಸೆಲ್ ಶೀಟ್ ಬಂತು. ಡ್ರೀಮ್, ಟಾರ್ಗೆಟ್, ಸೇಫ್ ಅಂತ ಮೂರು ಬಣ್ಣದಲ್ಲಿ ಸ್ಕೂಲ್‌ಗಳ ಹೆಸರು. ನೋಡಲು ಚೆನ್ನಾಗಿತ್ತು. ಅದೇ ಸಂಸ್ಥೆಗೆ ಹೋಗಿದ್ದ ನನ್ನ ಸ್ನೇಹಿತೆಗೆ ಕೊಟ್ಟ ಶೀಟ್ ಪಕ್ಕದಲ್ಲಿಟ್ಟು ನೋಡಿದೆವು. ಎರಡು ಹೆಸರು ಬಿಟ್ಟರೆ ಎಲ್ಲಾ ಒಂದೇ! ನಾನು ಸಾಫ್ಟ್‌ವೇರ್ ಬಿಟ್ಟು ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಡೆ ಹೋಗಬೇಕು ಅಂತಿದ್ದವನು, ಅವಳು ಆಸ್ಪತ್ರೆ ಆಡಳಿತದಲ್ಲಿದ್ದು ಅದರಲ್ಲೇ ಮೇಲೆ ಹೋಗಬೇಕು ಅಂತಿದ್ದವಳು. ನೀವು ಎಂಬಿಎ ಆದಮೇಲೆ ಏನು ಮಾಡಬೇಕು ಅಂತಿದ್ದೀರಿ ಅನ್ನುವ ಪ್ರಶ್ನೆಯನ್ನು ಪಟ್ಟಿ ಮಾಡುವ ಮುಂಚೆ ಯಾರೂ ಕೇಳಿರಲೇ ಇಲ್ಲ. ಯಾಕೆ ಅಂತ ಕೇಳಿದರೆ, "ಅದು ಅರ್ಜಿಯ ಎಸ್ಸೇ ಬರೆಯುವಾಗ ನೋಡೋಣ ಸಾರ್" ಅಂದರು. ಪಟ್ಟಿ ಸಿದ್ಧವಾದ ಮೇಲೆ ಗುರಿ ಹುಡುಕುವುದಂತೆ.

ಈ ವ್ಯವಹಾರದಲ್ಲಿ ಎರಡು ಥರದವರಿದ್ದಾರೆ. ಒಬ್ಬರು ನಿಮ್ಮಿಂದ ಮಾತ್ರ ಫೀಸ್ ತಗೊಳ್ಳುವವರು. ಇನ್ನೊಬ್ಬರು ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ವಿಶ್ವವಿದ್ಯಾಲಯದಿಂದ ಕಮಿಷನ್ ತಗೊಳ್ಳುವ ಏಜೆಂಟ್‌ಗಳು. ಕೆಲವರು ಎರಡನ್ನೂ ಮಾಡುತ್ತಾರೆ. ಕಮಿಷನ್ ಕೊಡುವ ಸ್ಕೂಲು 'ಸೇಫ್' ಕಾಲಂನಲ್ಲಿ ಯಾಕೆ ಬಂದು ಕೂತಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ದುಡ್ಡು ಕೊಡುವ ಮುಂಚೆ ನೇರವಾಗಿ ಕೇಳಿ, ಯಾವ ಸ್ಕೂಲಿನಿಂದಾದರೂ ನಿಮಗೆ ಹಣ ಬರುತ್ತದಾ ಅಂತ. ಮಾತು ತಿರುಗಿಸಿದರೆ ಎದ್ದು ಬನ್ನಿ. ಎಸ್ಸೇ ನಾವೇ ಬರೆದುಕೊಡುತ್ತೇವೆ ಅಂದರೂ ಎದ್ದು ಬನ್ನಿ. ಇದು ನನ್ನದೇ ಬರಹ ಅಂತ ಅರ್ಜಿಯಲ್ಲಿ ನೀವೇ ಸಹಿ ಹಾಕಬೇಕಾಗುತ್ತದೆ, ಮುಂದೆ ಸಿಕ್ಕಿಬಿದ್ದರೆ ಸೀಟು ಹೋಗುವುದು ನಿಮ್ಮದು, ಅವರದ್ದಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅವರ ಅಣಕು ಸಂದರ್ಶನ ಚೆನ್ನಾಗಿತ್ತು. ಅದನ್ನು ನಡೆಸಿದ ಮೇಡಂ ನನ್ನ ಮಾತನ್ನು ಮಧ್ಯದಲ್ಲೇ ತಡೆದು, "ಇದರಲ್ಲಿ ನೀವು ಮಾಡಿದ್ದೇನು, ನಿಮ್ಮ ಟೀಮ್ ಮಾಡಿದ್ದೇನು?" ಅಂತ ಕೇಳಿ ಬೆವರಿಳಿಸಿದರು. ಅದಕ್ಕಷ್ಟೇ ದುಡ್ಡು ಕೊಡುವ ಹಾಗಿದ್ದರೆ ಖುಷಿಯಿಂದ ಕೊಡುತ್ತಿದ್ದೆ. ಸ್ಕೂಲ್ ಆಯ್ಕೆಗೆ ಮಾತ್ರ ಒಂದು ಸ್ಟಾರ್, ಅದೂ ಬಣ್ಣ ಚೆನ್ನಾಗಿ ಹಾಕಿದ್ದಕ್ಕೆ.

ಈಗ ಆ ಪಿಡಿಎಫ್‌ಗೆ ಬರೋಣ. ಅಮೆರಿಕದ ಹೆಚ್ಚಿನ ದೊಡ್ಡ ಸ್ಕೂಲ್‌ಗಳು, ಯುರೋಪಿನ ಹಲವು ಕೂಡ, ಪ್ರತಿ ವರ್ಷ ಎಂಪ್ಲಾಯ್‌ಮೆಂಟ್ ರಿಪೋರ್ಟ್ ಹಾಕುತ್ತವೆ. ಮುಖಪುಟದ ನಗುಮುಖಗಳನ್ನು ದಾಟಿ ಹಿಂದಿನ ಟೇಬಲ್‌ಗಳಿಗೆ ಹೋಗಿ.

ಮೊದಲು ನೋಡಬೇಕಾದದ್ದು ಶೇಕಡಾವಾರು ಯಾರ ಮೇಲೆ ಲೆಕ್ಕ ಹಾಕಿದ್ದು ಅಂತ. 'ಮೂರು ತಿಂಗಳೊಳಗೆ ಇಷ್ಟು ಶೇಕಡಾ ಜನರಿಗೆ ಆಫರ್' ಅಂದರೆ ಇಡೀ ಬ್ಯಾಚ್ ಅಲ್ಲ. ಕೆಲಸ ಹುಡುಕುತ್ತಿದ್ದವರು ಮಾತ್ರ. ಕಂಪನಿಯೇ ಓದಲು ಕಳಿಸಿ, ವಾಪಸ್ ಅಲ್ಲಿಗೇ ಹೋದವರು, ಸ್ವಂತ ಕಂಪನಿ ಶುರು ಮಾಡಿದವರು, ಸದ್ಯಕ್ಕೆ ಹುಡುಕುತ್ತಿಲ್ಲ ಅಂದವರು ಯಾರೂ ಆ ಲೆಕ್ಕದಲ್ಲಿ ಇಲ್ಲ. ಇದು ಮೋಸವಲ್ಲ, ಸ್ಕೂಲ್‌ಗಳು ಒಪ್ಪಿಕೊಂಡಿರುವ ನಿಯಮವೇ ಹಾಗೆ. ಆದರೆ ಓದುವವರಿಗೆ ಗೊತ್ತಿರಬೇಕು. ಹುಡುಕುತ್ತಿಲ್ಲ ಅನ್ನುವವರ ಸಂಖ್ಯೆ ಒಂದು ವರ್ಷ ಇದ್ದಕ್ಕಿದ್ದ ಹಾಗೆ ಏರಿದ್ದರೆ ನನಗಂತೂ ಅನುಮಾನ ಬರುತ್ತದೆ.

ಎರಡನೆಯದು ನನಗೆ ತುಂಬಾ ಇಷ್ಟವಾದ ಟೇಬಲ್. ಕೆಲಸ ಸ್ಕೂಲಿನ ಮೂಲಕ ಸಿಕ್ಕಿದ್ದಾ ಅಥವಾ ವಿದ್ಯಾರ್ಥಿ ತಾನೇ ಹುಡುಕಿಕೊಂಡದ್ದಾ ಅಂತ ಕೆಲವು ರಿಪೋರ್ಟ್‌ಗಳು ಬೇರೆ ಮಾಡಿ ತೋರಿಸುತ್ತವೆ. ಕ್ಯಾಂಪಸ್‌ಗೆ ಕಂಪನಿಗಳು ಬರುತ್ತವೆ ಅನ್ನುವ ನಂಬಿಕೆಯಲ್ಲಿ ತಾನೇ ಇಷ್ಟು ಸಾಲ ಮಾಡುವುದು? ಅರ್ಧದಷ್ಟು ಜನ ಸ್ವಂತವಾಗಿ ಹುಡುಕಿಕೊಂಡಿದ್ದರೆ ಪ್ಲೇಸ್‌ಮೆಂಟ್ ಆಫೀಸ್ ಏನು ಮಾಡುತ್ತಿದೆ ಅಂತ ಕೇಳುವ ಹಕ್ಕು ನಿಮಗಿದೆ.

ಮೂರನೆಯದು ವಿದೇಶಿ ವಿದ್ಯಾರ್ಥಿಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಾದದ್ದು. ಅಮೆರಿಕದ ರಿಪೋರ್ಟ್‌ಗಳಲ್ಲಿ ಅಲ್ಲಿ ಕಾಯಂ ಕೆಲಸದ ಪರವಾನಗಿ ಇರುವವರದ್ದು ಮತ್ತು ಇಲ್ಲದವರದ್ದು ಬೇರೆಬೇರೆ ಸಾಲು ಇರುತ್ತದೆ. ಆಫರ್ ಶೇಕಡಾವಾರು, ಸಂಬಳ ಎಲ್ಲವೂ ಬೇರೆ. ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ವೀಸಾ ಕೊಡುವ ಕಂಪನಿಗಳು ಆ ಕ್ಯಾಂಪಸ್‌ಗೆ ಕಡಿಮೆ ಬರುತ್ತಿವೆ ಅಂತ ಅರ್ಥ ಮಾಡಿಕೊಳ್ಳಬಹುದು. ಇದರ ಜೊತೆಗೇ ಆ ಎಂಬಿಎಗೆ 'ಸ್ಟೆಮ್' (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಮಾನ್ಯತೆ ಇದೆಯಾ ಅಂತ ನೋಡಿ. ಓದಿದ ಮೇಲೆ ಅಲ್ಲಿ ಕೆಲಸ ಮಾಡಲು ಎಲ್ಲರಿಗೂ ಸಿಗುವುದು 12 ತಿಂಗಳು, ಸ್ಟೆಮ್ ಇದ್ದರೆ ಮೇಲೆ ಇನ್ನೂ 24 ತಿಂಗಳು ಕೇಳಬಹುದು. ಕೆಲವು ಸ್ಕೂಲ್‌ಗಳಲ್ಲಿ ಇಡೀ ಕೋರ್ಸಿಗೆ ಆ ಮಾನ್ಯತೆ ಇದೆ, ಕೆಲವದರಲ್ಲಿ ಒಂದೆರಡು ವಿಷಯ ಆರಿಸಿಕೊಂಡವರಿಗೆ ಮಾತ್ರ.

ಆಮೇಲೆ ಊರು ಮತ್ತು ಕ್ಷೇತ್ರ. ಬ್ಯಾಚಿನಲ್ಲಿ ಎಷ್ಟು ಜನ ಯಾವ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದರು ಅಂತ ಇರುತ್ತದೆ. ಬಹಳ ಸ್ಕೂಲ್‌ಗಳ ಹೆಸರು ಲೋಕಕ್ಕೆಲ್ಲ ಗೊತ್ತಿದ್ದರೂ ಕೆಲಸ ಸಿಗುವುದು ಸುತ್ತಮುತ್ತಲೇ. ನಿಮಗೆ ಬೇಕಾದ ಪ್ರದೇಶದ ಸಾಲಿನಲ್ಲಿ 3% ಅಂತಿದ್ದರೆ ಪ್ಲೇಸ್‌ಮೆಂಟ್ ಆಫೀಸ್ ಮೇಲೆ ಭಾರ ಹಾಕಿ ಕೂರುವಂತಿಲ್ಲ.

ಒಂದೇ ವರ್ಷದ ರಿಪೋರ್ಟ್ ನೋಡಿ ನಿಲ್ಲಿಸಬೇಡಿ. ಸಾಧ್ಯವಾದರೆ ಮೂರು ವರ್ಷದ್ದು ಪಕ್ಕಪಕ್ಕ ಇಡಿ. 2021, 2022ರಲ್ಲಿ ಕಂಪನಿಗಳು ಸಿಕ್ಕವರನ್ನೆಲ್ಲ ಬಾಚಿಕೊಂಡು ಹೋದವು, ಆ ಅಂಕಿಗಳನ್ನು ಬ್ರೋಷರ್‌ಗಳಲ್ಲಿ ಹೆಮ್ಮೆಯಿಂದ ಹಾಕಿಕೊಂಡರು. ಆಮೇಲೆ ಟೆಕ್ ಮತ್ತು ಕನ್ಸಲ್ಟಿಂಗ್ ಕಂಪನಿಗಳು ಕೈ ಬಿಗಿ ಮಾಡಿದವು. ಹಾರ್ವರ್ಡ್‌ನಲ್ಲೇ 2024ರಲ್ಲಿ ಓದು ಮುಗಿಸಿ ಕೆಲಸ ಹುಡುಕುತ್ತಿದ್ದವರಲ್ಲಿ 23% ಜನಕ್ಕೆ ಮೂರು ತಿಂಗಳಾದರೂ ಕೆಲಸ ಸಿಕ್ಕಿರಲಿಲ್ಲ. ಹಾರ್ವರ್ಡ್! ಅಂಥ ಕಡೆಯೇ ಹೀಗಾದರೆ ಬೇರೆ ಸ್ಕೂಲಿನವರು '98% ಪ್ಲೇಸ್‌ಮೆಂಟ್' ಅಂದಾಗ ಯಾವ ವರ್ಷದ್ದು, ಎಷ್ಟು ಜನರ ಮೇಲೆ ಅಂತ ಕೇಳದೆ ಬಿಡಬೇಡಿ. ರಿಪೋರ್ಟನ್ನೇ ಹೊರಗೆ ಹಾಕದ ಸ್ಕೂಲನ್ನು ನಾನು ಪಟ್ಟಿಯಿಂದ ಸೀದಾ ತೆಗೆದುಹಾಕಿದೆ. ಐದಕ್ಕೆ ಐದು ಸ್ಟಾರ್, ಈ ಒಣ ಟೇಬಲ್‌ಗಳಿಗೆ.

ರಿಪೋರ್ಟ್ ಹೇಳದೇ ಇರುವ ಒಂದು ವಿಷಯ ಕೋರ್ಸಿನ ಅವಧಿ ನಿಮಗೆ ಹೊಂದುತ್ತದಾ ಅನ್ನುವುದು. ಇನ್ಸಿಯಾಡ್‌ನದ್ದು 10 ತಿಂಗಳು. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಐಎಂಡಿಯದ್ದು ಒಂದು ವರ್ಷ. ಲಂಡನ್ ಬಿಸಿನೆಸ್ ಸ್ಕೂಲ್‌ನಲ್ಲಿ 15ರಿಂದ 21 ತಿಂಗಳು. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವರ್ಷ. ಬೇಗ ಮುಗಿದರೆ ಒಂದು ವರ್ಷದ ಸಂಬಳ ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಕ್ಷೇತ್ರವನ್ನೇ ಬದಲಿಸಬೇಕು ಅನ್ನುವವರಿಗೆ ಮಧ್ಯದ ಬೇಸಿಗೆ ಇಂಟರ್ನ್‌ಶಿಪ್ ಪ್ರಾಣ ಇದ್ದ ಹಾಗೆ. ಹೊಸ ಕ್ಷೇತ್ರದಲ್ಲಿ ಅನುಭವವಿಲ್ಲದವನನ್ನು ಕಂಪನಿ ಎರಡು ತಿಂಗಳು ಇಟ್ಟುಕೊಂಡು ನೋಡುವುದು ಅಲ್ಲೇ. ಇನ್ಸಿಯಾಡ್‌ಗೆ ವರ್ಷಕ್ಕೆ ಎರಡು ಬಾರಿ ಸೇರಿಸಿಕೊಳ್ಳುತ್ತಾರೆ, ಜನವರಿಯಲ್ಲಿ ಸೇರಿದವರಿಗೆ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಜಾಗ ಇದೆ, ಇನ್ನೊಂದು ಬ್ಯಾಚಿನವರಿಗೆ ಇಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದು ಉಲ್ಟಾ, ಜನವರಿಯಲ್ಲಿ ಸೇರಿದವರಿಗೆ ಬೇಸಿಗೆ ಇಂಟರ್ನ್‌ಶಿಪ್ ಇರುವುದಿಲ್ಲ. ಒಂದೇ ಸ್ಕೂಲು, ಯಾವ ತಿಂಗಳು ಸೇರುತ್ತೀರಿ ಅನ್ನುವುದರ ಮೇಲೆ ಕಥೆಯೇ ಬೇರೆ.

ಬ್ಯಾಚಿನ ಗಾತ್ರದ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ. ಹಾರ್ವರ್ಡ್‌ನಲ್ಲಿ 900ಕ್ಕೂ ಜಾಸ್ತಿ ಜನ, ಐಎಂಡಿಯಲ್ಲಿ ನೂರರ ಆಸುಪಾಸು. ಪಾಠದ ರೀತಿಯೂ ಹಾಗೇ. ಹಾರ್ವರ್ಡ್‌ನಲ್ಲಿ ಎರಡು ವರ್ಷದಲ್ಲಿ 500ರಷ್ಟು ಕೇಸ್ (ಕಂಪನಿಗಳ ನಿಜ ಸಂದರ್ಭಗಳ ವಿವರ) ಓದಿಸುತ್ತಾರೆ, ಕ್ಲಾಸಿನಲ್ಲಿ ಬಾಯಿ ಬಿಟ್ಟು ಮಾತಾಡಿದ್ದಕ್ಕೆ ಗ್ರೇಡಿನಲ್ಲಿ ದೊಡ್ಡ ಪಾಲು. ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡೇ ಕಲಿಯುವ ಸ್ವಭಾವದವರು ಎರಡು ಸಲ ಯೋಚಿಸಿ. ಶಿಕಾಗೋದ ಬೂತ್‌ನಲ್ಲಿ ಎಲ್ಲರೂ ತಗೊಳ್ಳಲೇಬೇಕಾದ ಕೋರ್ಸ್ ಒಂದೇ, ಉಳಿದದ್ದರಲ್ಲಿ ಆರಿಸಿಕೊಳ್ಳಲು ಸಾಕಷ್ಟು ಜಾಗ ಇದೆ.

ಫೇರ್ ಮತ್ತು ವೆಬಿನಾರ್‌ಗಳ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ಬ್ರೋಷರ್‌ನಲ್ಲಿ ಇದ್ದದ್ದನ್ನೇ ಜೋರಾಗಿ ಓದಿ ಹೇಳುತ್ತಾರೆ. ಹಾಜರಾದವರಿಗೆ ಕೆಲವು ಸ್ಕೂಲ್‌ಗಳು ಅರ್ಜಿ ಶುಲ್ಕ ಮಾಫಿ ಮಾಡುತ್ತವೆ, ಅದಕ್ಕಾಗಿ ಹೋಗಿ.

ಹಳೇ ವಿದ್ಯಾರ್ಥಿಗಳ ಜೊತೆ ಮಾತಾಡುವುದು ಮಾತ್ರ ಬಿಡಬೇಡಿ. ಆದರೆ ಸ್ಕೂಲೇ ಮುಂದೆ ತಂದು ನಿಲ್ಲಿಸುವ 'ಸ್ಟೂಡೆಂಟ್ ಅಂಬಾಸಡರ್' ಹತ್ತಿರ ಸ್ಕೂಲಿನ ದೂರು ಕೇಳಲು ಹೋದರೆ ಏನು ಸಿಗುತ್ತದೆ? ಲಿಂಕ್ಡ್‌ಇನ್‌ನಲ್ಲಿ ಸ್ಕೂಲಿನ ಪುಟಕ್ಕೆ ಹೋಗಿ, ಅಲುಮ್ನೈ ಅನ್ನುವ ಕಡೆ ಒತ್ತಿ. ಎಲ್ಲಿದ್ದಾರೆ, ಯಾವ ಕಂಪನಿ, ಏನು ಕೆಲಸ ಅಂತ ಸೋಸಬಹುದು. ನಿಮ್ಮ ಥರದ ಕೆಲಸದಿಂದ ಹೋಗಿ, ನಿಮಗೆ ಬೇಕಾದ ಕೆಲಸಕ್ಕೆ ಸೇರಿದವರು ಎಷ್ಟು ಜನ ಇದ್ದಾರೆ ಅಂತ ನೋಡಿ. ನನ್ನ ಪಟ್ಟಿಯ ಒಂದು ದೊಡ್ಡ ಹೆಸರಿನ ಸ್ಕೂಲಿನಲ್ಲಿ ಅಂಥವರು ಹುಡುಕಿದರೂ ಸಿಗಲಿಲ್ಲ. ರ‍್ಯಾಂಕಿನಲ್ಲಿ ಅದಕ್ಕಿಂತ ತುಂಬಾ ಕೆಳಗಿದ್ದ ಇನ್ನೊಂದರಲ್ಲಿ ಪುಟಗಟ್ಟಲೆ ಬಂದರು. ಅಲ್ಲಿಗೆ ತೀರ್ಮಾನ ಸುಲಭವಾಯಿತು. ಅವರಲ್ಲಿ ಕೆಲವರಿಗೆ ಸಣ್ಣ ಸಂದೇಶ ಕಳಿಸಿದೆ. ಉತ್ತರ ಕೊಟ್ಟವರ ಹತ್ತಿರ ಸ್ಕೂಲ್ ಹೇಗಿದೆ ಅಂತ ಕೇಳಲಿಲ್ಲ, ಈಗಿನ ಕೆಲಸದ ಮೊದಲ ಸಂದರ್ಶನ ಹೇಗೆ ಸಿಕ್ಕಿತು ಅಂತ ಕೇಳಿದೆ. ಅದೊಂದು ಪ್ರಶ್ನೆಗೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಜಿಮ್ಯಾಟ್ ಕ್ಲಬ್‌ನಂಥ ತಾಣಗಳಲ್ಲಿ ಯಾರಿಗೆ ಎಲ್ಲಿ ಸೀಟು ಸಿಕ್ಕಿತು ಅಂತ ಜನ ಬರೆದುಕೊಂಡಿರುತ್ತಾರೆ. ಓದಲು ಮಜಾ. ಆದರೆ ಒಳ್ಳೆ ಅಂಕ ಬಂದವರೇ ಜಾಸ್ತಿ ಬರೆಯುವುದು, ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಹಳೇ ಸಲಹೆಗಳಲ್ಲಿ '700 ಬೇಕೇ ಬೇಕು' ಅಂತ ಇರುತ್ತದೆ. ಅದು ಹಳೇ ಜಿಮ್ಯಾಟ್ ಪರೀಕ್ಷೆಯ ಲೆಕ್ಕ. 2024ರ ಆರಂಭದಿಂದ ಇರುವುದು ಹೊಸ ಪರೀಕ್ಷೆ ಮಾತ್ರ, ಅಂಕ 205ರಿಂದ 805, ಕೊನೆಯ ಅಂಕಿ ಯಾವಾಗಲೂ 5. ಹೊಸದರಲ್ಲಿ 645 ಬಂದರೆ ಅದು ಹೆಚ್ಚುಕಮ್ಮಿ ಹಳೇ 700ಕ್ಕೆ ಸಮ. ಇದು ಗೊತ್ತಿಲ್ಲದೆ ಒಳ್ಳೊಳ್ಳೆ ಸ್ಕೂಲ್‌ಗಳನ್ನು ಪಟ್ಟಿಯಿಂದ ಹೊಡೆದುಹಾಕುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ.

ಕೊನೆಗೆ ಎಷ್ಟು ಸ್ಕೂಲ್? ನನ್ನ ಅಭಿಪ್ರಾಯದಲ್ಲಿ ಐದಾರು ಸಾಕು. ಹತ್ತು ಕಡೆ ಹಾಕುತ್ತೇನೆ ಅನ್ನುವವರು ಎಸ್ಸೇ ಕಾಪಿ ಪೇಸ್ಟ್ ಮಾಡಲು ಶುರು ಮಾಡುತ್ತಾರೆ, ಒಂದು ಸ್ಕೂಲಿನ ಹೆಸರು ಇನ್ನೊಂದರಲ್ಲಿ ಉಳಿದುಬಿಡುತ್ತದೆ. ಒಬ್ಬೊಬ್ಬರು ಕೇಳುವುದೂ ಒಂದೊಂದು ಥರ. ಎಂಐಟಿ ಸ್ಲೋನ್‌ಗೆ ಎಸ್ಸೇ ಬದಲು ಕವರ್ ಲೆಟರ್, ಒಂದು ನಿಮಿಷದ ವಿಡಿಯೋ, ಜೊತೆಗೆ ಆಫೀಸಿನಲ್ಲಿ ನಿಮ್ಮ ಮೇಲೆ ಯಾರು ಕೆಳಗೆ ಯಾರು ಅಂತ ತೋರಿಸುವ ಚಾರ್ಟ್ ಬೇಕು. ಶಿಫಾರಸು ಬರೆಯುವ ನಿಮ್ಮ ಬಾಸ್‌ಗೂ ತಾಳ್ಮೆಗೆ ಮಿತಿ ಇದೆ.

ಅಮೆರಿಕದಲ್ಲಿ ಅರ್ಜಿ ಹಾಕುವ ಮೊದಲ ಸುತ್ತು ಸೆಪ್ಟೆಂಬರ್ ಆಸುಪಾಸು, ಎರಡನೆಯದು ಜನವರಿ ಮೊದಲ ವಾರಗಳಲ್ಲಿ. ಮೂರನೆಯದು ಇದ್ದರೂ ಆ ಹೊತ್ತಿಗೆ ಸೀಟು ಕಡಿಮೆ, ವೀಸಾಕ್ಕೂ ಸಮಯ ಸಾಲುವುದಿಲ್ಲ. ಹಾರ್ವರ್ಡ್‌ನವರಂತೂ ಎರಡೇ ಸುತ್ತು ಇಟ್ಟಿದ್ದಾರೆ. ತುಂಬಾ ಬೇಕಾದ ಮೂರನ್ನು ಮೊದಲ ಸುತ್ತಿನಲ್ಲಿ ಹಾಕಿ, ಉಳಿದದ್ದನ್ನು ಎರಡನೆಯದಕ್ಕೆ ಇಟ್ಟುಕೊಳ್ಳಿ. ಮೊದಲ ಸುತ್ತಿನ ಫಲಿತಾಂಶ ಬರುವುದು ಡಿಸೆಂಬರ್‌ನಲ್ಲಿ. ಅದು ನೋಡಿಕೊಂಡು ಎರಡನೇ ಸುತ್ತಿನ ಎಸ್ಸೇ ಶುರು ಮಾಡೋಣ ಅಂತ ಕೂತರೆ ಕೈಯಲ್ಲಿ ಉಳಿಯುವುದು ಎರಡು ಮೂರು ವಾರ, ಅದೂ ಬಾಸ್ ರಜೆ ಹಾಕಿ ಹೋಗಿರುವ ವಾರಗಳು. ಆ ಅರ್ಜಿಗಳನ್ನು ನವೆಂಬರ್‌ನಲ್ಲೇ ಬರೆದು ಇಟ್ಟಿರಿ.